ಕೊನೆಯ ಓವರಿನ ಲೆಕ್ಕ: ಮಿಥುನ್ ಮತ್ತು ಗೌತಮ್ ದಾಖಲೆಗಳ ಕುರಿತು

ಶಿಕಾರಿಪುರ, ಸೊರಬದ ಕಡೆ ಕೊಯ್ಲು ಮುಗಿದ ಗದ್ದೆಗಳಲ್ಲಿ ಟೆನಿಸ್ ಬಾಲ್ ಪಂದ್ಯಾವಳಿ ನಡೆದಾಗ ‘ಉತ್ತಮ ಬೌಲರ್’ ಟ್ರೋಫಿ ಸಾಮಾನ್ಯವಾಗಿ ಹೆಚ್ಚು ವಿಕೆಟ್ ಕಿತ್ತವನ ಪಾಲಾಗುತ್ತದೆ. ಎದುರಾಳಿಗೆ ಎಂಟು ರನ್ ಬೇಕಿದ್ದಾಗ ಕೊನೆಯ ಓವರಿನಲ್ಲಿ ಆರೇ ಕೊಟ್ಟು ಪಂದ್ಯ ಉಳಿಸಿದವನಿಗೆ ಸ್ಕೋರ್ ಪುಸ್ತಕದಲ್ಲಿ ಪ್ರತ್ಯೇಕ ಅಂಕಣವಿಲ್ಲ. ಇದೇ ಕೊರತೆ ರಾಜ್ಯ ತಂಡದ ಅಂಕಿ-ಅಂಶಗಳಲ್ಲೂ ಇದೆಯೆಂಬುದಕ್ಕೆ ಕರ್ನಾಟಕ ತಂಡ 2019ರಲ್ಲಿ ಆಡಿದ ಮೂರು ಪಂದ್ಯಗಳು ಸಾಕ್ಷಿ.

ಬೇಸ್‌ಬಾಲ್‌ನಲ್ಲಿ ಇದಕ್ಕೊಂದು ಲೆಕ್ಕವಿದೆ. ಅಲ್ಪ ಮುನ್ನಡೆ ಇರುವಾಗ ಕೊನೆಗೆ ಬಂದು, ಅದನ್ನು ಕಾಯ್ದು ಪಂದ್ಯ ಮುಗಿಸುವ ಪಿಚರ್‌ಗೆ ಒಂದು ‘ಸೇವ್’ ಸಲ್ಲುತ್ತದೆ. ಷಿಕಾಗೊದ ಪತ್ರಕರ್ತ ಜೆರೋಮ್ ಹೋಲ್ಟ್ಸ್‌ಮನ್ 1960ರಲ್ಲಿ ರೂಪಿಸಿದ ಈ ಎಣಿಕೆ 1969ರಲ್ಲಿ ಅಧಿಕೃತವಾಯಿತು. 1995ರಿಂದ 2013ರವರೆಗೆ ನ್ಯೂಯಾರ್ಕ್ ಯಾಂಕೀಸ್ ಪರ ಆಡಿದ ಪನಾಮಾದ ಮಾರಿಯಾನೋ ರಿವೇರಾ ಅವರ ಹೆಸರಲ್ಲಿ 652 ಸೇವ್‌ಗಳಿವೆ. 2019ರಲ್ಲಿ ಅವರು ‘ಹಾಲ್ ಆಫ್ ಫೇಮ್’ಗೆ ಒಂದೂ ಮತ ತಪ್ಪದೆ ಆಯ್ಕೆಯಾದರು. ಆ ಗೌರವ ಅವರಿಗಿಂತ ಮೊದಲು ಯಾರಿಗೂ ಸಿಕ್ಕಿರಲಿಲ್ಲ. ಎಣಿಸುವವರು ಇದ್ದುದರಿಂದಲೇ ಅವರ ಹಿರಿಮೆ ಕಣ್ಣಿಗೆ ಬಿತ್ತು ಎಂದು ನಾನು ನಂಬುತ್ತೇನೆ.

ಈಗ ಅಭಿಮನ್ಯು ಮಿಥುನ್. 1989ರ ಅಕ್ಟೋಬರ್ 25ರಂದು ಹುಟ್ಟಿದ ಈ ವೇಗಿ 2009ರಲ್ಲಿ ಮೀರತ್‌ನಲ್ಲಿ ಉತ್ತರ ಪ್ರದೇಶದ ವಿರುದ್ಧ ರಣಜಿಗೆ ಕಾಲಿಟ್ಟ ಪಂದ್ಯದಲ್ಲೇ ಹ್ಯಾಟ್ರಿಕ್ ಪಡೆದರು. ಮರುವರ್ಷ ಗಾಲ್‌ನಲ್ಲಿ ಟೆಸ್ಟ್ ಆಡಿದರು. 2013-14 ಮತ್ತು 2014-15ರಲ್ಲಿ ಸತತವಾಗಿ ರಣಜಿ ಗೆದ್ದ ಕರ್ನಾಟಕದ ವೇಗದ ದಾಳಿಯಲ್ಲಿ ಅವರದು ದೊಡ್ಡ ಪಾಲು. ಆದರೆ ಜನರ ನೆನಪಿನಲ್ಲಿ ಹೆಚ್ಚು ಉಳಿದಿರುವುದು ಎರಡು ಕೊನೆಯ ಓವರುಗಳು. ತಮ್ಮ ಮೂವತ್ತನೆಯ ಹುಟ್ಟುಹಬ್ಬದಂದು, ಬೆಂಗಳೂರಿನಲ್ಲಿ ನಡೆದ ವಿಜಯ್ ಹಜಾರೆ ಟ್ರೋಫಿ ಫೈನಲ್‌ನಲ್ಲಿ, ತಮಿಳುನಾಡು ಇನಿಂಗ್ಸ್‌ನ 50ನೇ ಓವರಿನಲ್ಲಿ ಅವರು ಹ್ಯಾಟ್ರಿಕ್ ಪಡೆದರು. ನವೆಂಬರ್ 29ರಂದು ಸೂರತ್‌ನಲ್ಲಿ ಸೈಯದ್ ಮುಷ್ತಾಕ್ ಅಲಿ ಟ್ರೋಫಿ ಸೆಮಿಫೈನಲ್. ಮೊದಲ ಮೂರು ಓವರುಗಳಲ್ಲಿ ವಿಕೆಟ್ ಇಲ್ಲದೆ 37 ರನ್ ಕೊಟ್ಟಿದ್ದ ಮಿಥುನ್, ಹರಿಯಾಣದ 20ನೇ ಓವರಿನಲ್ಲಿ ಸತತ ನಾಲ್ಕು ಎಸೆತಗಳಿಗೆ ನಾಲ್ಕು ವಿಕೆಟ್ ಕಿತ್ತರು. ನಂತರ ಒಂದು ವೈಡ್, ಒಂದು ಒಂಟಿ ರನ್, ಕೊನೆಯ ಎಸೆತಕ್ಕೆ ಐದನೆಯ ವಿಕೆಟ್. 3 ವಿಕೆಟಿಗೆ 192 ಇದ್ದ ಹರಿಯಾಣ 8 ವಿಕೆಟಿಗೆ 194ಕ್ಕೆ ನಿಂತಿತು.

ಇಲ್ಲಿ ಎಚ್ಚರ ಬೇಕು. ಎರಡೂ ಸಲ ಅದು ಮೊದಲ ಇನಿಂಗ್ಸ್‌ನ ಕೊನೆ, ಪಂದ್ಯದ ಕೊನೆಯಲ್ಲ. ಸೆಮಿಫೈನಲ್‌ನಲ್ಲಿ ಕರ್ನಾಟಕ 15 ಓವರುಗಳಲ್ಲೇ ಗುರಿ ಮುಟ್ಟಿತು. ಆ ಓವರಿನಲ್ಲಿ ಹರಿಯಾಣ ಇನ್ನು ಹತ್ತು ಹದಿನೈದು ರನ್ ಹೆಚ್ಚು ಗಳಿಸಿದ್ದರೂ ಫಲಿತಾಂಶ ಬದಲಾಗುತ್ತಿರಲಿಲ್ಲ ಎಂಬುದು ನನ್ನ ಅಂದಾಜು. ಅದ್ಭುತ ಬೌಲಿಂಗ್, ನಿಜ. ಬೇಸ್‌ಬಾಲ್ ಲೆಕ್ಕದಲ್ಲಿ ಮಾತ್ರ ಅದು ಸೇವ್ ಆಗದು.

ಸೇವ್ ಆದದ್ದು ಎರಡು ದಿನ ಕಳೆದ ಮೇಲೆ, ಅದೇ ಊರಲ್ಲಿ, ಇನ್ನೊಬ್ಬರ ಕೈಯಿಂದ. ಡಿಸೆಂಬರ್ 1ರ ಫೈನಲ್‌ನಲ್ಲಿ ತಮಿಳುನಾಡಿಗೆ ಕೊನೆಯ ಓವರಿನಲ್ಲಿ 13 ರನ್ ಬೇಕಿತ್ತು. ಚೆಂಡು ಆಫ್ ಸ್ಪಿನ್ನರ್ ಕೃಷ್ಣಪ್ಪ ಗೌತಮ್ ಕೈಗೆ ಬಂತು. ರವಿಚಂದ್ರನ್ ಅಶ್ವಿನ್ ಮೊದಲೆರಡು ಎಸೆತಗಳನ್ನೇ ಬೌಂಡರಿಗಟ್ಟಿದರು. ನಾಲ್ಕು ಎಸೆತ, ಐದು ರನ್. ಅಲ್ಲಿಗೆ ಪಂದ್ಯ ಕೈಬಿಟ್ಟಂತೆಯೇ. ಉಳಿದ ನಾಲ್ಕರಲ್ಲಿ ಗೌತಮ್ ಕೊಟ್ಟದ್ದು ಮೂರೇ ರನ್. ನಡುವೆ ವಿಜಯ್ ಶಂಕರ್ ರನೌಟ್ ಆದರು. ಕರ್ನಾಟಕ 180, ತಮಿಳುನಾಡು 179. ರನೌಟ್ ಬೌಲರ್‌ನ ಖಾತೆಗೆ ಸೇರದ್ದರಿಂದ ಅಂಕಪಟ್ಟಿಯಲ್ಲಿ ಈ ಓವರ್ ‘11 ರನ್, ವಿಕೆಟ್ ಇಲ್ಲ’ ಎಂಬ ಸಾಧಾರಣ ಸಾಲು.

ಕ್ರಿಕೆಟ್‌ನಲ್ಲಿ ಈ ಕೆಲಸ ಇನ್ನೂ ಕಠಿಣ. ರಿವೇರಾ ದಣಿಯದ ತೋಳಿನೊಡನೆ ಕೊನೆಗೆ ಇಳಿಯುತ್ತಿದ್ದರು. ನಮ್ಮ ಬೌಲರ್ ಇಡೀ ಇನಿಂಗ್ಸ್ ಫೀಲ್ಡಿಂಗ್ ಮಾಡಿರುತ್ತಾನೆ, ತನ್ನ ನಾಲ್ಕು ಓವರುಗಳಲ್ಲಿ ಒಂದನ್ನು ನಾಯಕ ಕೊನೆಗೆಂದು ಉಳಿಸಿಟ್ಟಿರುತ್ತಾನೆ.

ಶಿಕಾರಿಪುರ, ಸೊರಬದ ವೀರಗಲ್ಲು ಶಾಸನಗಳನ್ನು ಓದಿದವರಿಗೆ ಗೊತ್ತು: ಅಲ್ಲಿ ವೀರನ ಹೆಸರಿನ ಜೊತೆಗೆ ಯಾರ ಆಳ್ವಿಕೆ, ಯಾವ ಊರಿನ ತುರುಗೊಳ್ (ದನಗಳನ್ನು ಸೆರೆಹಿಡಿಯುವ ದಾಳಿ) ಎಂಬ ಸಂದರ್ಭವೂ ಕೆತ್ತಿರುತ್ತದೆ. ಬೌಲಿಂಗ್ ದಾಖಲೆಗೂ ಅಷ್ಟು ಸಂದರ್ಭ ಬೇಕು. ಗದ್ದೆ ಪಂದ್ಯದ ಸ್ಕೋರರ್‌ಗಳು ಕೊನೆಯ ಓವರ್ ಶುರುವಾಗುವ ಮುನ್ನ ಎದುರಾಳಿಗೆ ಬೇಕಾದ ರನ್ನನ್ನು ಅಂಚಿನಲ್ಲಿ ಬರೆದಿಟ್ಟರೆ ಸಾಕು, ಹೊಸ ಅಂಕಣ ತಾನಾಗಿ ಹುಟ್ಟುತ್ತದೆ. ಅದರಲ್ಲಿ ಗೌತಮ್ ಅವರ ಸಾಲು ಹೀಗಿರುತ್ತದೆ: ಸೂರತ್, 1-12-2019, ಬೇಕಿದ್ದದ್ದು 13, ಕೊಟ್ಟದ್ದು 11.