ದಾವಣಗೆರೆ ಎಕ್ಸ್‌ಪ್ರೆಸ್ ವಿನಯ್ ಕುಮಾರ್

ಆರ್. ವಿನಯ್ ಕುಮಾರ್ ಕರ್ನಾಟಕ ಮತ್ತು ಭಾರತ ತಂಡಗಳಿಗೆ ಆಡಿದ ಬಲಗೈ ಮಧ್ಯಮ ವೇಗದ ಬೌಲರ್. ಹುಟ್ಟಿದ್ದು 1984ರ ಫೆಬ್ರುವರಿ 12ರಂದು, ದಾವಣಗೆರೆಯಲ್ಲಿ. ತಂದೆ ಆಟೋರಿಕ್ಷಾ ಓಡಿಸಿ ಸಂಸಾರ ಸಾಗಿಸುತ್ತಿದ್ದರು. ಆಗಿನ್ನೂ ದಾವಣಗೆರೆ ಪ್ರತ್ಯೇಕ ಜಿಲ್ಲೆಯಾಗಿರಲಿಲ್ಲ. ಹತ್ತಿಗಿರಣಿಗಳಿಗೆ ಹೆಸರಾಗಿದ್ದ ಈ ಊರೂ ತುಂಗಭದ್ರೆಯ ದಡದ ಹರಿಹರವೂ ಚಿತ್ರದುರ್ಗ ಜಿಲ್ಲೆಗೇ ಸೇರಿದ್ದವು. ಹೊಸ ಜಿಲ್ಲೆ ರಚನೆಯಾದದ್ದು 1997ರಲ್ಲಿ.

ರಾಜ್ಯದ ಕ್ರಿಕೆಟ್ ಇತಿಹಾಸ ಇದಕ್ಕಿಂತ ಬಹಳ ಹಳೆಯದು. 1934ರಲ್ಲಿ ನಡೆದ ರಣಜಿ ಟ್ರೋಫಿಯ ಮೊಟ್ಟಮೊದಲ ಪಂದ್ಯದಲ್ಲೇ ಮೈಸೂರು ತಂಡ ಮದ್ರಾಸಿನ ಎದುರು ಆಡಿತ್ತು. ಆದರೆ ದೊಡ್ಡ ಕ್ಲಬ್ಬುಗಳು, ಹುಲ್ಲಿನ ಮೈದಾನಗಳು, ಆಯ್ಕೆಗಾರರ ಕಣ್ಣು ಎಲ್ಲವೂ ಬಹುಮಟ್ಟಿಗೆ ಬೆಂಗಳೂರಿನಲ್ಲೇ ಇದ್ದವು. ಮೈಸೂರಿನ ಜಾವಗಲ್ ಶ್ರೀನಾಥ್, ಗದಗಿನ ಸುನಿಲ್ ಜೋಶಿ ಹೊರಗಿನ ಊರುಗಳಿಂದ ಬಂದು ಭಾರತ ತಂಡ ಸೇರಿದವರು. ರೈಲು ಹಾದಿಯಲ್ಲಿ ಹರಿಹರಕ್ಕಿಂತ ಒಂದಿಷ್ಟು ಈಚೆಗೆ, ಬೆಂಗಳೂರಿನಿಂದ ಸುಮಾರು 260 ಕಿಲೋಮೀಟರ್ ದೂರದಲ್ಲಿರುವ ದಾವಣಗೆರೆಯಿಂದ ಹೊರಟ ವಿನಯ್ ಅದೇ ಸಾಲಿಗೆ ಸೇರಿದರು. ಊರಿನ ಹೆಸರಿನ ಜೊತೆ ರೈಲಿನ ಬಿರುದೂ ಕೂಡಿ ‘ದಾವಣಗೆರೆ ಎಕ್ಸ್‌ಪ್ರೆಸ್’ ಆಯಿತು.

ಬಿರುದಿನಲ್ಲಿ ಎಕ್ಸ್‌ಪ್ರೆಸ್ ಇದ್ದರೂ ಅವರ ಬಲ ವೇಗದಲ್ಲಿರಲಿಲ್ಲ, ಸ್ವಿಂಗ್‌ನಲ್ಲಿತ್ತು. ಚೆಂಡಿನ ಒಂದು ಬದಿಯನ್ನು ಉಜ್ಜಿ ಹೊಳಪು ಉಳಿಸಿ, ನಡುವಿನ ಹೊಲಿಗೆಯನ್ನು ಸ್ಲಿಪ್ ಕಡೆಗೆ ವಾಲಿಸಿ ಎಸೆದರೆ ಅದು ಗಾಳಿಯಲ್ಲೇ ಬಲಗೈ ಬ್ಯಾಟ್ಸ್‌ಮನ್‌ನಿಂದ ಆಚೆಗೆ ಸರಿಯುತ್ತದೆ. ಇದೇ ಔಟ್‌ಸ್ವಿಂಗ್. ಬ್ಯಾಟ್ಸ್‌ಮನ್ ಮುಂದಕ್ಕೆ ಬಂದು ಆಡಲೇಬೇಕಾದ ಜಾಗಕ್ಕೆ ಅದನ್ನು ಓವರ್ ಮೇಲೆ ಓವರ್ ಹಾಕುವ ತಾಳ್ಮೆ ಅವರಿಗಿತ್ತು.

2004–05ರ ಋತುವಿನಲ್ಲಿ ಅವರು ಕರ್ನಾಟಕದ ಪರ ರಣಜಿಗೆ ಪದಾರ್ಪಣೆ ಮಾಡಿದರು. 2010ರ ಜನವರಿಯಲ್ಲಿ ಮೈಸೂರಿನಲ್ಲಿ ನಡೆದ ಫೈನಲ್‌ನಲ್ಲಿ ಮುಂಬೈ ಎದುರು ಕರ್ನಾಟಕ ಬರೀ 6 ರನ್‌ಗಳಿಂದ ಸೋತಿತು. ಅದೇ ವರ್ಷ ಮೇ ತಿಂಗಳಲ್ಲಿ ವೆಸ್ಟ್ ಇಂಡೀಸ್‌ನಲ್ಲಿ ನಡೆದ ಟಿ20 ವಿಶ್ವಕಪ್‌ನಲ್ಲಿ ಶ್ರೀಲಂಕಾ ವಿರುದ್ಧ ವಿನಯ್ ಭಾರತದ ಪರ ಮೊದಲ ಬಾರಿ ಕಣಕ್ಕಿಳಿದರು. 2011ರ ಅಕ್ಟೋಬರ್‌ನಲ್ಲಿ ದೆಹಲಿಯಲ್ಲಿ ಇಂಗ್ಲೆಂಡ್ ವಿರುದ್ಧ 30 ರನ್‌ಗೆ 4 ವಿಕೆಟ್ ಪಡೆದದ್ದು ಅವರ ಅತ್ಯುತ್ತಮ ಏಕದಿನ ಸಾಧನೆ. ಆಡಿದ ಟೆಸ್ಟ್ ಒಂದೇ, 2012ರ ಜನವರಿಯಲ್ಲಿ ಪರ್ತ್‌ನಲ್ಲಿ. ಅಲ್ಲಿ ಮೈಕ್ ಹಸ್ಸಿಯ ವಿಕೆಟ್ ದಕ್ಕಿತು.

2013ರ ನವೆಂಬರ್ 2ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ರೋಹಿತ್ ಶರ್ಮಾ 209 ರನ್ ಹೊಡೆದು ಭಾರತ ಆಸ್ಟ್ರೇಲಿಯಾವನ್ನು ಸೋಲಿಸಿತು. ಆ ಪಂದ್ಯದಲ್ಲಿ ವಿನಯ್ 9 ಓವರ್‌ಗಳಲ್ಲಿ 102 ರನ್ ಬಿಟ್ಟುಕೊಟ್ಟರು. ಆಮೇಲೆ ಅವರಿಗೆ ಭಾರತದ ಪರ ಏಕದಿನ ಪಂದ್ಯ ಸಿಗಲಿಲ್ಲ.

ಸರಿಯಾಗಿ ಮೂರು ತಿಂಗಳಿಗೆ, 2014ರ ಫೆಬ್ರುವರಿ 2ರಂದು, ಹೈದರಾಬಾದಿನಲ್ಲಿ ಮಹಾರಾಷ್ಟ್ರವನ್ನು 7 ವಿಕೆಟ್‌ಗಳಿಂದ ಸೋಲಿಸಿ ಕರ್ನಾಟಕ ರಣಜಿ ಟ್ರೋಫಿ ಗೆದ್ದಿತು. ನಾಯಕ ವಿನಯ್. 1998–99ರ ನಂತರ ರಾಜ್ಯಕ್ಕೆ ಬಂದ ಮೊದಲ ರಣಜಿ ಕಿರೀಟವದು. ಮರುವರ್ಷ ಮುಂಬೈನ ವಾಂಖೆಡೆಯಲ್ಲಿ ತಮಿಳುನಾಡಿನ ಎದುರು ಫೈನಲ್. ವಿನಯ್ 34 ರನ್‌ಗೆ 5 ವಿಕೆಟ್ ಕಿತ್ತು ಎದುರಾಳಿಗಳನ್ನು 134ಕ್ಕೆ ಕಟ್ಟಿಹಾಕಿದರು. ಕರುಣ್ ನಾಯರ್ 328 ರನ್ ಬಾರಿಸಿದ ಇನಿಂಗ್ಸ್‌ನಲ್ಲಿ ತಾವೂ ಅಜೇಯ 105 ಗಳಿಸಿದರು. ಕರ್ನಾಟಕ ಇನಿಂಗ್ಸ್ ಮತ್ತು 217 ರನ್‌ಗಳಿಂದ ಗೆದ್ದಿತು. ಈ ಎರಡೂ ಋತುಗಳಲ್ಲಿ ಇರಾನಿ ಕಪ್ ಮತ್ತು ವಿಜಯ್ ಹಜಾರೆ ಟ್ರೋಫಿಗಳೂ ತಂಡದ ಪಾಲಾದವು.

2017ರ ಡಿಸೆಂಬರ್‌ನಲ್ಲಿ ನಾಗಪುರದಲ್ಲಿ ಮುಂಬೈ ವಿರುದ್ಧದ ಕ್ವಾರ್ಟರ್‌ಫೈನಲ್‌ನಲ್ಲಿ ಅವರು ಹ್ಯಾಟ್ರಿಕ್ ಸಾಧಿಸಿದರು. ಮೊದಲ ಓವರ್‌ನ ಕೊನೆಯ ಎಸೆತದಲ್ಲಿ ಒಂದು, ತಮ್ಮ ಮುಂದಿನ ಓವರ್‌ನ ಮೊದಲೆರಡು ಎಸೆತಗಳಲ್ಲಿ ಎರಡು ವಿಕೆಟ್. ಆ ಇನಿಂಗ್ಸ್‌ನಲ್ಲಿ 34 ರನ್‌ಗೆ 6 ವಿಕೆಟ್ ಅವರದಾಯಿತು.

2019–20ರಲ್ಲಿ ಪುದುಚೇರಿಗೆ ಆಡಿ, 2021ರ ಫೆಬ್ರುವರಿ 26ರಂದು ವಿನಯ್ ನಿವೃತ್ತಿ ಪ್ರಕಟಿಸಿದರು. ಮುಂದೆ ಮುಂಬೈ ಇಂಡಿಯನ್ಸ್‌ಗಾಗಿ ಹೊಸ ಪ್ರತಿಭೆಗಳನ್ನು ಹುಡುಕುವ ಕೆಲಸ ವಹಿಸಿಕೊಂಡರು. ಭಾರತದ ಪರ 31 ಏಕದಿನ ಪಂದ್ಯಗಳಲ್ಲಿ ಅವರು ಪಡೆದದ್ದು 38 ವಿಕೆಟ್. ಪ್ರಥಮ ದರ್ಜೆಯಲ್ಲಿ ಒಟ್ಟು 504. ಅದರಲ್ಲಿ ರಣಜಿಯ ಪಾಲೇ 442, ನಿವೃತ್ತಿಯ ಹೊತ್ತಿಗೆ ಆ ಟ್ರೋಫಿಯಲ್ಲಿ ಬೇರಾವ ವೇಗದ ಬೌಲರ್ ಕೂಡ ಅಷ್ಟು ವಿಕೆಟ್ ಪಡೆದಿರಲಿಲ್ಲ.