‘ಫ್ರೀ ಅಕ್ಕಿ’ ಬಂದ ಮೇಲೆ ಆಳು ಸಿಗ್ತಿಲ್ವಾ? ಲೆಕ್ಕ ಇಲ್ಲಿದೆ ನೋಡಿ

ಶಿರಸಿ: ಅಡಿಕೆ ಕೊಯ್ಲಿನ ದಿನ ಬಂತೆಂದರೆ ಭೈರುಂಬೆಯಿಂದ ಹಿಡಿದು ಸಿದ್ದಾಪುರ, ಯಲ್ಲಾಪುರದವರೆಗೆ ಯಾವ ಅಂಗಡಿ ಕಟ್ಟೆಯ ಮೇಲೆ ಕೂತರೂ ಒಂದೇ ಮಾತು: ‘ಆಳೇ ಸಿಕ್ತಿಲ್ಲೆ ಮಾರಾಯಾ’. ಅದರ ಬೆನ್ನಿಗೇ ಇನ್ನೊಂದು. ಅಕ್ಕಿ ಪುಕ್ಕಟೆ, ಬಸ್ಸು ಪುಕ್ಕಟೆ, ತಿಂಗಳಿಗೆ ಎರಡು ಸಾವಿರ ಖಾತೆಗೆ ಬೀಳ್ತದೆ, ಇನ್ನು ಯಾರು ತೋಟಕ್ಕೆ ಬರ್ತಾರೆ? ಆಳಿನ ಕೊರತೆ ಸುಳ್ಳಲ್ಲ. ಅದಕ್ಕೆ ಗ್ಯಾರಂಟಿಗಳೇ ಕಾರಣವೋ ಅಲ್ಲವೋ ಎಂಬುದನ್ನು ರೂಪಾಯಿ ಲೆಕ್ಕದಲ್ಲೇ ನೋಡಬೇಕು.

ಗೃಹಲಕ್ಷ್ಮಿ ಶುರುವಾದದ್ದು 2023ರ ಆಗಸ್ಟ್ 30ರಂದು. ಮನೆಯ ಯಜಮಾನಿಗೆ ತಿಂಗಳಿಗೆ 2,000 ರೂ., ದಿನಕ್ಕೆ ಹಂಚಿದರೆ 67 ರೂ. ಕೂಡ ಪೂರ್ತಿ ಆಗುವುದಿಲ್ಲ. ಕಂತು ತಿಂಗಳುಗಟ್ಟಲೆ ತಡವಾದದ್ದೂ ಉಂಟು. ನರೇಗಾದಲ್ಲಿ ಕರ್ನಾಟಕಕ್ಕೆ 2025-26ರಲ್ಲಿ ನಿಗದಿಯಾದ ದಿನಗೂಲಿ 370 ರೂ. ಆ ದರದಲ್ಲಿ ಐದೂವರೆ ದಿನ ದುಡಿದರೆ ಗೃಹಲಕ್ಷ್ಮಿಯ ಇಡೀ ತಿಂಗಳ ಹಣ ಆಯಿತು. ಉಳಿದ ದಿನಗಳ ಕೂಲಿ ಬಿಟ್ಟು ಮನೆಯಲ್ಲಿ ಕೂತರೆ ನಷ್ಟ ಕೂತವರಿಗೇ.

ಇನ್ನು ಅಕ್ಕಿ. ಅನ್ನಭಾಗ್ಯ 2013ರ ಜುಲೈನಲ್ಲಿ ಬಂತು, ಆಗ ಕೆಜಿಗೆ ಒಂದು ರೂಪಾಯಿ. ಪುಕ್ಕಟೆ ಆದದ್ದು 2015ರ ಮೇ ತಿಂಗಳಿಂದ. 2023ರಲ್ಲಿ ಹೆಚ್ಚುವರಿ 5 ಕೆಜಿಯ ಬದಲು ತಲಾ 170 ರೂ. ಕೊಟ್ಟರು, 2025ರ ಫೆಬ್ರುವರಿಯಿಂದ ಆ ಹಣದ ಬದಲು ಅಕ್ಕಿ. ತಲೆಗೆ 10 ಕೆಜಿ ಎಂದರೂ ಮೀನು, ಎಣ್ಣೆ, ಮಕ್ಕಳ ಪುಸ್ತಕ, ಡಾಕ್ಟರ್ ಫೀಸು ಅದರಲ್ಲಿ ಬರುವುದಿಲ್ಲ. ಅಂದಹಾಗೆ ಗೃಹಲಕ್ಷ್ಮಿಯ ಹಣ ಕೊನೆಗೆ ಬಂದು ಸೇರುವುದು ಊರ ಅಂಗಡಿಗೇ. ಉದ್ರಿ ಪುಸ್ತಕ ಇಟ್ಟವರಿಗೆ ಇದನ್ನು ಬೇರೆ ಹೇಳಬೇಕಿಲ್ಲ.

ಕೆಲಸಕ್ಕೆ ಹೋದರೆ ಹಣ ನಿಲ್ಲುತ್ತದೆಯೇ?

ಇದೇ ಮುಖ್ಯ ಪ್ರಶ್ನೆ. ಯಜಮಾನಿ ತೋಟಕ್ಕೆ ಕೂಲಿಗೆ ಹೋದರೆ ಗೃಹಲಕ್ಷ್ಮಿ ನಿಲ್ಲುವುದಿಲ್ಲ. ಆದಾಯ ತೆರಿಗೆ, ಜಿಎಸ್‌ಟಿ ಕಟ್ಟುವವರ ಮನೆಗೆ ಮಾತ್ರ ಅದು ಇಲ್ಲ. ಐದು ಗ್ಯಾರಂಟಿಗಳಲ್ಲಿ ಕೆಲಸ ಸಿಕ್ಕ ಕೂಡಲೇ ನಿಲ್ಲುವಂಥದ್ದು ಒಂದೇ, ಯುವನಿಧಿ. ಪದವಿ ಮುಗಿಸಿ 180 ದಿನವಾದರೂ ಕೆಲಸ ಸಿಗದವರಿಗೆ ತಿಂಗಳಿಗೆ 3,000 ರೂ., ಡಿಪ್ಲೊಮಾದವರಿಗೆ 1,500 ರೂ., ಅದೂ ಹೆಚ್ಚೆಂದರೆ ಎರಡು ವರ್ಷ. ಮುಂದೆ ಓದುತ್ತಿದ್ದರೆ ಸಿಗುವುದಿಲ್ಲ. ಅರ್ಜಿ ಸೇವಾಸಿಂಧುವಿನಲ್ಲಿ.

ನಿಜವಾದ ತೊಡಕು ಇರುವುದು ಬಿಪಿಎಲ್ ಕಾರ್ಡಿನಲ್ಲಿ. ಕಾರ್ಡಿಗೆ ಮನೆಯ ವಾರ್ಷಿಕ ಆದಾಯದ ಮಿತಿ 1.20 ಲಕ್ಷ ರೂ., ಅಂದರೆ ತಿಂಗಳಿಗೆ 10,000. ಶಿರಸಿ ಪೇಟೆಯ ಅಂಗಡಿಯಲ್ಲಿ ಮಗ 12,000ಕ್ಕೆ ಸೇರಿ ಸಂಬಳ ಬ್ಯಾಂಕಿಗೆ ಬಂದರೆ ಮಿತಿ ದಾಟಿತು. ಹೋಗುವುದು ಅಕ್ಕಿ ಮಾತ್ರ ಆಗಿದ್ದರೆ ಯಾರೂ ಅಷ್ಟು ಹೆದರುತ್ತಿರಲಿಲ್ಲ. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ.ವರೆಗೆ ಚಿಕಿತ್ಸೆ ಸಿಗುತ್ತದೆ. ಎಪಿಎಲ್ ಆದರೆ ಸಿಗುವುದು ಪ್ಯಾಕೇಜ್ ದರದ ಶೇ.30, ಅದೂ ವರ್ಷಕ್ಕೆ 1.50 ಲಕ್ಷದೊಳಗೆ. ಮನೆಯಲ್ಲಿ ಹೃದಯದ ಕಾಯಿಲೆಯವರೋ ಡಯಾಲಿಸಿಸ್‌ನವರೋ ಇದ್ದರೆ ಎರಡು ಸಾವಿರ ಹೆಚ್ಚು ಸಂಬಳಕ್ಕಾಗಿ ಕಾರ್ಡು ಕಳೆದುಕೊಳ್ಳಲು ಯಾರು ಒಪ್ಪುತ್ತಾರೆ? ‘ಸಂಬಳ ಕೈಗೇ ಕೊಡಿ, ಪಿಎಫ್ ಬೇಡ’ ಅಂತ ಕೆಲಸದವರು ಕೇಳಿದರೆ ಅದನ್ನು ಸೋಮಾರಿತನ ಅನ್ನಲಾಗದು.

ಜಗತ್ತಿನ ಬೇರೆ ಕಡೆಯೂ ಈ ಅನುಮಾನ ಇದ್ದದ್ದೇ. 2019ರಲ್ಲಿ ನೊಬೆಲ್ ಪಡೆದ ಅಭಿಜಿತ್ ಬ್ಯಾನರ್ಜಿ ಮತ್ತು ಸಂಗಡಿಗರು ಮೆಕ್ಸಿಕೊ, ಇಂಡೊನೇಷ್ಯಾ, ಫಿಲಿಪ್ಪೀನ್ಸ್ ಸೇರಿ ಆರು ದೇಶಗಳಲ್ಲಿ ಬಡವರಿಗೆ ನಗದು ಕೊಟ್ಟ ಯೋಜನೆಗಳನ್ನು ಪರಿಶೀಲಿಸಿ 2017ರಲ್ಲಿ ವರದಿ ಪ್ರಕಟಿಸಿದರು. ಹಣ ಪಡೆದವರು ಕೆಲಸ ಬಿಟ್ಟರು ಎನ್ನಲು ಅವರಿಗೆ ಪುರಾವೆ ಸಿಗಲಿಲ್ಲ.

ಹಾಗಾದರೆ ಮರ ಹತ್ತುವವರು ಎಲ್ಲಿ?

ಕೊನೆಗೌಡರ ಕೆಲಸ ಎಲ್ಲರಿಗೂ ಬರುವಂಥದ್ದಲ್ಲ. ಮಳೆಗಾಲದಲ್ಲಿ ಜಾರುವ ಮರ ಹತ್ತಿ ಕೊಳೆಮದ್ದು ಹೊಡೆಯಬೇಕು, ಚಳಿಗಾಲದಲ್ಲಿ ಕೊನೆ ಇಳಿಸಬೇಕು. ಮದ್ದಿನ ಬಿಡುವು ಸಿಕ್ಕ ವಾರ ಎಲ್ಲ ತೋಟದವರಿಗೂ ಅವರೇ ಬೇಕು, ನಡುವಿನ ತಿಂಗಳುಗಳಲ್ಲಿ ಯಾರೂ ಕರೆಯುವುದಿಲ್ಲ. ಬಿದ್ದರೆ ಸೊಂಟ ಮುರಿಯಿತು, ಇಲ್ಲವೇ ಜೀವ ಹೋಯಿತು. ಹೀಗಿರುವಾಗ ಅಪ್ಪನೇ ಮಗನಿಗೆ ಈ ಕಸುಬು ಬೇಡ ಅನ್ನುತ್ತಾನೆ. ತೋಟದ ಮನೆಯ ಮಗ ಬೆಂಗಳೂರಿಗೆ ಹೋದರೆ ಊರಿಗೆ ಹೆಮ್ಮೆ. ಕೊನೆಗೌಡರ ಮಗ ಹುಬ್ಬಳ್ಳಿಗೆ ಹೋದಾಗ ಮಾತ್ರ ಅಕ್ಕಿಯ ಮೇಲೆ ಆರೋಪ! ಕಾರ್ಬನ್ ಫೈಬರ್ ದೋಟಿ ಬಂದ ಮೇಲೆ ನೆಲದಲ್ಲೇ ನಿಂತು ಕೊಯ್ಯುವ, ಮದ್ದು ಹೊಡೆಯುವ ದಾರಿ ಆಗಿದೆ. ಅದನ್ನು ಕಲಿತ ಹುಡುಗರಿಗೆ ಈಗ ಬೇಡಿಕೆ.

ಸರ್ಕಾರದ ಹಣ ಬರುವುದು ಕೂಲಿಯವರಿಗೆ ಮಾತ್ರ ಅಲ್ಲ. ಪಿಎಂ ಕಿಸಾನ್‌ನಲ್ಲಿ ವರ್ಷಕ್ಕೆ 6,000 ರೂ., ಸಹಕಾರಿ ಸಂಘದ ಬಡ್ಡಿ ಇಲ್ಲದ ಬೆಳೆಸಾಲ, ಹವಾಮಾನ ಆಧಾರಿತ ಬೆಳೆ ವಿಮೆಯ ಕಂತಿನಲ್ಲಿ ಸರ್ಕಾರದ ಪಾಲು, 200 ಯೂನಿಟ್ ಒಳಗಿನ ಕರೆಂಟು, ಇವೆಲ್ಲ ತೋಟದ ಮನೆಗೂ ಬರುತ್ತವೆ. ಇದರಿಂದ ತೋಟಿಗರು ಸೋಮಾರಿಗಳಾದರು ಎಂದು ಯಾವ ಕಟ್ಟೆಯ ಮೇಲೂ ಯಾರೂ ಹೇಳುವುದಿಲ್ಲ.

ಕೆಲಸ ಬೇಕಾದವರಿಗೆ

ನರೇಗಾ ಕಾಯ್ದೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 100 ದಿನ ಕೆಲಸ. ಗ್ರಾಮ ಪಂಚಾಯ್ತಿಗೆ ಅರ್ಜಿ ಕೊಟ್ಟು 15 ದಿನದೊಳಗೆ ಕೆಲಸ ಸಿಗದಿದ್ದರೆ ನಿರುದ್ಯೋಗ ಭತ್ಯೆ ಕೇಳುವ ಹಕ್ಕು ಅದರಲ್ಲೇ ಇದೆ. ಮೊದಲ 30 ದಿನ ಕೂಲಿಯ ಕಾಲು ಭಾಗ, ಆಮೇಲೆ ಅರ್ಧ. ಅರ್ಜಿಗೆ ತಾರೀಕು ಹಾಕಿದ ರಸೀದಿ ಪಡೆಯದಿದ್ದರೆ ಈ ಹಕ್ಕು ಕಾಗದದಲ್ಲೇ ಉಳಿಯುತ್ತದೆ. 2025ರ ಡಿಸೆಂಬರಿನಲ್ಲಿ ಸಂಸತ್ತು ನರೇಗಾ ಬದಲಿಗೆ ಹೊಸ ಕಾಯ್ದೆ ಪಾಸು ಮಾಡಿದೆ. ಅದರಲ್ಲಿ 125 ದಿನ ಕೆಲಸ. ಬಿತ್ತನೆ, ಕೊಯ್ಲಿನ ಕಾಲಕ್ಕೆ ವರ್ಷದಲ್ಲಿ ಒಟ್ಟು 60 ದಿನ ಕಾಮಗಾರಿ ನಿಲ್ಲಿಸಲೂ ಅವಕಾಶ ಇದೆ. ಆಳಿಲ್ಲ ಎನ್ನುವ ರೈತರಿಗೆ ಇದು ಹಿಡಿಸಬಹುದು. ಆದರೆ ಅಡಿಕೆ ಸೀಮೆಯಲ್ಲಿ ಯಾವ 60 ದಿನ ಎಂಬುದು ಸುಲಭದ ಪ್ರಶ್ನೆಯಲ್ಲ. ಗದ್ದೆ ನಾಟಿ ಒಂದು ಕಾಲಕ್ಕೆ, ಕೊನೆ ಕೊಯ್ಲು ಇನ್ನೊಂದು ಕಾಲಕ್ಕೆ.

ಮರ ಹತ್ತುವವರು ಬ್ಯಾಂಕಿನಲ್ಲಿ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಮಾಡಿಸಿಕೊಳ್ಳಬಹುದು. ವಯಸ್ಸು 18ರಿಂದ 70, ವರ್ಷಕ್ಕೆ 20 ರೂ. ಅಪಘಾತದಲ್ಲಿ ಜೀವ ಹೋದರೆ ಅಥವಾ ಪೂರ್ತಿ ಅಂಗವಿಕಲರಾದರೆ 2 ಲಕ್ಷ, ಭಾಗಶಃ ಶಾಶ್ವತ ವೈಕಲ್ಯಕ್ಕೆ 1 ಲಕ್ಷ. ವಿಮೆಯ ವರ್ಷ ಜೂನ್ 1ರಿಂದ ಮೇ 31. ಕಂತು ಖಾತೆಯಿಂದ ತಾನಾಗಿ ಕಡಿತವಾಗುತ್ತದೆ, ಮೇ ಕೊನೆಗೆ ಖಾತೆಯಲ್ಲಿ ಆ 20 ರೂಪಾಯಿ ಇಲ್ಲದಿದ್ದರೆ ಮಳೆಗಾಲದ ಮದ್ದಿನ ಹೊತ್ತಿಗೆ ವಿಮೆ ಇರುವುದಿಲ್ಲ. ಕೆಲಸಕ್ಕೆ ಕರೆಯುವ ತೋಟದವರೂ ಒಮ್ಮೆ ಪಾಸ್‌ಬುಕ್ ಕೇಳಿ ನೋಡಬಹುದು.