ಹಳೆ ಅರಿಬಿಯ ಲೆಕ್ಕ

ಅರಮನೆಯ ರೇಷ್ಮೆ, ಮಠದ ಕಾವಿ, ಮದುವೆಯ ಇಳಕಲ್ ಸೀರೆ. ಬಟ್ಟೆಯ ಚರಿತ್ರೆ ಅಂದಕೂಡಲೆ ಪುಸ್ತಕ ಬರೆಯುವವರಿಗೆ ನೆನಪಾಗುವುದು ಇವೇ. ಗದಗಿನ ಪಕ್ಕದ ಮಲ್ಲಸಮುದ್ರದಂಥ ಊರಿನ ಕೇರಿಯಲ್ಲಿ ನಿಂತು ನೋಡುವ ನಮಗೆ ಮೊದಲು ಕಾಣುವುದು ಹರಕು. ಸವೆದ ಸೀರೆ, ಹರಿದ ಧೋತರ, ಅಂಗಿಯ ತೋಳು. ಅದರಿಂದ ಕೌದಿಯಾಯಿತು, ಕೌದಿಗೂ ಸಾಲದ ತುಂಡಿನಿಂದ ಗೊಂಬಿಯಾಯಿತು. ಈ ಹರಕು ನಮ್ಮ ಕೇರಿಗೆ ಹೇಗೆ ಬಂತು? ಇದು ಚರಿತ್ರೆಯ ಪ್ರಶ್ನೆಯೇ ಹೌದು.

ಮನುಸ್ಮೃತಿಯ 10ನೆಯ ಅಧ್ಯಾಯ ಚಂಡಾಲರಿಗೆ ಹೆಣದ ಮೇಲಿನ ಬಟ್ಟೆಯೇ ಉಡುಪು ಎಂದು ವಿಧಿಸಿತು. 1927ರ ಡಿಸೆಂಬರ್ 25ರಂದು ಮಹಾಡದಲ್ಲಿ ಬಾಬಾಸಾಹೇಬರ ನೇತೃತ್ವದಲ್ಲಿ ಆ ಪುಸ್ತಕಕ್ಕೆ ಬೆಂಕಿ ಬಿತ್ತು. ಅಲ್ಲಿಗೆ ಬಂದಿದ್ದ ಹೆಣ್ಣುಮಕ್ಕಳಿಗೆ ಅವರು ಹೇಳಿದ್ದು ಸೀರೆ ಉಡುವ ರೀತಿ ಬದಲಿಸಿ, ಜಾತಿ ತೋರಿಸುವ ಒಡವೆ ಬಿಡಿ ಎಂದು. ನಿರಿಗೆಯಲ್ಲೂ ಜಾತಿ ಅಡಗಿತ್ತು.

ಹಾಗಂತ ಹರಕು ಉಟ್ಟವರು ಬಟ್ಟೆ ಅರಿಯದವರೇನಲ್ಲ. 12ನೆಯ ಶತಮಾನದ ಶರಣರಲ್ಲಿ ಕದಿರ ರೆಮ್ಮವ್ವೆ ಇದ್ದಳು, ಸೂಜಿಕಾಯಕದ ರಾಮಿತಂದೆ ಇದ್ದ. ನೂಲುವ ಹೊಲಿಯುವ ಕೆಲಸ ಅವರ ಹೆಸರಿಗೇ ಅಂಟಿದೆ. 1800-01ರಲ್ಲಿ ಮೈಸೂರು ಸೀಮೆ ತಿರುಗಿದ ಫ್ರಾನ್ಸಿಸ್ ಬುಕಾನನ್, ಹೊಲೆಯರು ದಪ್ಪನೆಯ ಹತ್ತಿಬಟ್ಟೆ ನೇಯುತ್ತಿದ್ದುದನ್ನು ಬರೆದಿಟ್ಟಿದ್ದಾನೆ. ಆಮೇಲೆ ಗಿರಣಿ ನೂಲು ಬಂದು ಕೈನೂಲು ನೆಲಕಚ್ಚಿತು. ನೇಯ್ದ ಜಾತಿಯ ಮೊಮ್ಮಕ್ಕಳು ಮಂದಿಯ ಹಳೆ ಸೀರೆಗೆ ಕೈಯೊಡ್ಡುವ ಕಾಲ ಬಂತು.

ನಮ್ಮ ಎರೆಹೊಲದ ಹತ್ತಿಯದೂ ಸಣ್ಣ ಕಥೆಯಲ್ಲ. 1840ರ ದಶಕದಲ್ಲಿ ಕಂಪನಿ ಸರಕಾರ ಅಮೆರಿಕದ ನ್ಯೂ ಆರ್ಲಿಯನ್ಸ್ ಬೀಜವನ್ನು ಧಾರವಾಡ ಜಿಲ್ಲೆಯಲ್ಲಿ ಬಿತ್ತಿಸಿತು. ಗದಗ ಆಗ ಅದೇ ಜಿಲ್ಲೆ, 1997ರ ತನಕವೂ. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದಾಗ ಇಲ್ಲಿಯ ಹತ್ತಿಯ ಬೆಲೆ ಮುಗಿಲು ಮುಟ್ಟಿತು. ಆ ಬೀಜವನ್ನು ಅಲ್ಲಿ ಬೆಳೆದವರು ಕರಿಯ ಗುಲಾಮರು. ಅಂಥ ಗುಲಾಮರ ಮೊಮ್ಮಕ್ಕಳು ಅಲಬಾಮಾದ ಗೀಸ್ ಬೆಂಡ್ ಎಂಬ ಊರಿನಲ್ಲಿ, ಹೊಲದಲ್ಲಿ ದುಡಿದು ಹರಿದ ಬಟ್ಟೆಯಿಂದಲೇ ಕೌದಿ ಹೊಲಿದರು. 2002ರಲ್ಲಿ ಅವು ನ್ಯೂಯಾರ್ಕಿನ ವಿಟ್ನಿ ಮ್ಯೂಸಿಯಮ್ಮಿನ ಗೋಡೆ ಏರಿದವು, ಹೊಲಿದವರ ಹೆಸರಿನ ಸಮೇತ. ಹೆಸರಿನ ಸಮೇತ ಎಂಬುದನ್ನು ಓದುಗರು ನೆನಪಿಡಬೇಕು.

ನಮ್ಮ ಕಡೆ ಈ ವಿದ್ಯೆ ಕಲಿಯುವುದು ಗೊಂಬಿಯಿಂದ. ಗೇಣುದ್ದದ ಹರಕನ್ನು ಬಿಗಿಯಾಗಿ ಸುತ್ತಿದರೆ ಮೈ. ಅಡ್ಡ ಇನ್ನೊಂದು ಸುರುಳಿ ಇಟ್ಟು ಕಟ್ಟಿದರೆ ಕೈ. ಚಿಂದಿಯ ಉಂಡೆಗೆ ಬಟ್ಟೆ ಮುಚ್ಚಿ ಕೊರಳಿಗೆ ದಾರ ಬಿಗಿದರೆ ತಲೆ. ಕಣ್ಣಿಗೆ ಕರಿದಾರದ ಎರಡು ಟಾಕಿ. "ಮೊದಲ ಗೊಂಬಿ ಹೊಲಿ, ಆಮ್ಯಾಲ ಕೌದಿ ಮುಟ್ಟು" ಅನ್ನುತ್ತಾಳೆ ಅವ್ವ. ಅದಕ್ಕೆ ಕಾರಣವಿದೆ. ಗೊಂಬಿಯ ಹೊಲಿಗೆ ಸೊಟ್ಟಾದರೆ ಯಾರೂ ಸಾಯುವುದಿಲ್ಲ; ಕೌದಿಯಲ್ಲಿ ಟಾಕಿ ಉದ್ದಾದರೆ ರಾತ್ರಿ ಕಾಲ್ಬೆರಳು ಸಿಕ್ಕು ದಾರ ಹರಿಯುತ್ತದೆ, ಚಳಿ ಒಳಗೆ ಬರುತ್ತದೆ. ಸಾಲಿಯ ಮೆಟ್ಟಿಲು ಹತ್ತಲು ಬಿಡದ ಕಾಲದಲ್ಲೂ ಹುಡುಗಿಯರು ಈ ಸಾಲಿ ಬಿಟ್ಟಿರಲಿಲ್ಲ. ಗೊಂಬಿಯ ಮದುವೆಯನ್ನೂ ಮಾಡಿದರು. ಗೊಂಬಿಗಾದರೂ ಜರಿಯ ಅಂಚು ಸಿಕ್ಕಿತು.

ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ ರೋಮನ್ ಕಾಲದ ಈಜಿಪ್ಟಿನ ಒಂದು ಚಿಂದಿ ಗೊಂಬಿ ಇದೆ, ಹೊಟ್ಟೆಯೊಳಗೆ ಹರಕು ಮತ್ತು ಪಪೈರಸ್ ತುರುಕಿದ್ದು. ನಮ್ಮ ಗೊಂಬಿಗಳನ್ನು ಮಳೆ ತಿಂದಿತು, ಗೆದ್ದಲು ತಿಂದಿತು.

ಕೌದಿಯನ್ನು ಕೂಲಿಗೆ ಹೊಲಿಯುವವರೂ ಇದ್ದಾರೆ. ಗೋಂದಳಿಯಂಥ ಅಲೆಮಾರಿ ಸಮುದಾಯಗಳ ಹೆಣ್ಣುಮಕ್ಕಳು ಊರೂರು ತಿರುಗಿ, ಮಂದಿಯ ಅಂಗಳದಲ್ಲಿ ಕೂತು, ಅಂಚಿನಿಂದ ನಡುವಿಗೆ ಹೊಲಿಯುತ್ತ ಬರುತ್ತಾರೆ. ಊರ ಮಂದಿಯ ಮೈ ಬೆಚ್ಚಗಾಗುತ್ತದೆ. ಅವರ ಗುಡಿಸಲು ಊರ ಹೊರಗೇ ಇರುತ್ತದೆ.

ಈಗ ಚಿಂದಿಗೂ ಕಲೆಯ ಹೆಸರು ಬಂದಿದೆ. ಬರಲಿ, ನಮಗೆ ಸಂತೋಷ. ಸಂಡೂರಿನ ಲಂಬಾಣಿ ಕಸೂತಿಗೆ 2010ರಲ್ಲಿ ಜಿಐ ಮಾನ್ಯತೆ ಸಿಕ್ಕಿತು. 2023ರ ಜುಲೈನಲ್ಲಿ ಜಿ-20ರವರು ಹಂಪಿಗೆ ಬಂದಾಗ, ಸಂಡೂರು ಕುಶಲ ಕಲಾ ಕೇಂದ್ರದ 450ಕ್ಕೂ ಹೆಚ್ಚು ಲಂಬಾಣಿ ಹೆಣ್ಣುಮಕ್ಕಳ 1,755 ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆ ಸೇರಿತು. ಅಂಕಿಗಳು ನಮಗೆ ಬಾಯಿಪಾಠವಾದವು. ಆ ಹೆಣ್ಣುಮಕ್ಕಳಲ್ಲಿ ಒಬ್ಬಳ ಹೆಸರೂ ನಮ್ಮ ನಾಲಿಗೆಗೆ ಬರುತ್ತಿಲ್ಲ. ಶಿರಹಟ್ಟಿ, ಮುಂಡರಗಿಯ ತಾಂಡಾಗಳಲ್ಲಿ ಹೊಲಿಯುವವರ ಹೆಸರನ್ನಾದರೂ ನಾವು, ಡಿಗ್ರಿ ಪಡೆದವರು, ಬರೆದಿಟ್ಟಿದ್ದೇವೆಯೇ? ಈ ತಪ್ಪಿನಲ್ಲಿ ನಮ್ಮ ಪಾಲೂ ಇದೆ.

ಹಳ್ಳಿಯ ಮಾಸ್ತರರಲ್ಲಿ ಒಂದು ಮಾತು. ಚರಿತ್ರೆಯ ಪಾಠದ ದಿನ ಮಕ್ಕಳಿಗೆ ಮನೆಯ ಕೌದಿ ತರಲು ಹೇಳಿ, ಜೊತೆಗೆ ಆಯಿಯನ್ನೂ ಕರೆಸಿ. ನಮ್ಮ ಕೇರಿಯ ಆಯಿಯೊಬ್ಬಳು ಕೌದಿ ಹಾಸಿ ಬೆರಳಿಟ್ಟು ಓದಿದ್ದು ಹೀಗಿತ್ತು: "ಇದು ನಿಮ್ಮ ಮುತ್ಯಾನ ಧೋತರ. ಇದು ಸತ್ತ ಮಗಳ ಲಂಗ. ಈ ಹಸರು ತುಂಡ ಐತೆಲ್ಲ, ಒಂದು ಸುಗ್ಗಿ ಪೂರಾ ಹತ್ತಿ ಬಿಡಿಸಿಕೊಂಡು, ಕೂಲಿ ಕೇಳಿದ್ದಕ್ಕ ದೊಡ್ಡಮನಿಯವರು ಒಗದ ಸೀರಿ."